ಬರಿದಾಗಿ ಮರಳಿಸಬಾರದ ಕ್ಯಾರಿಯರ್

ಯಾರು ಏನಂದುಕೊಂಡಾರೋ ಎಂಬ ಅಂಜಿಕೆಯೇ ಇಲ್ಲದ ಜೀವ ಇಡೀ ಹೈದರಾಬಾದಿನಲ್ಲಿ ಒಂದೇ ಒಂದು. ಅದು ಮೆಹದಿಪಟ್ಟಣಂನಲ್ಲಿ ನಮ್ಮ ಮೇಲಿನ ಮನೆಯ ನಲಿನಿಬಾಯಿ. ಸುಲ್ತಾನ್ ಬಜಾರಿನಲ್ಲಿ ಅವರು ಚೌಕಾಶಿಗೆ ಬಾಯಿ ತೆಗೆದರೆ ಚಾರ್‌ಮಿನಾರಿನ ಗಡಿಯಾರ ಗಾಬರಿಬಿದ್ದು ಹಿಂದಕ್ಕೆ ಓಡುತ್ತದೆ. ಬಸ್ಸಿನಲ್ಲಿ ಹೆಂಗಸರ ಸೀಟು ಹಿಡಿದ ಗಂಡಸರು ಅವರನ್ನು ಕಂಡರೆ ಎದ್ದು ನಿಲ್ಲುವುದಷ್ಟೇ ಅಲ್ಲ, ಇಳಿದು ಮನೆಗೆ ನಡೆದೇ ಹೋಗುತ್ತಾರೆ.

ಇಂಥವರನ್ನು ಮಣಿಸಿದ್ದು ಮೂರು ಡಬ್ಬಿಯ ಒಂದು ಟಿಫಿನ್ ಕ್ಯಾರಿಯರ್.

ಈ ಬೇಸಿಗೆಯಲ್ಲಿ ಅವರ ಅತ್ತೆ ತೀರಿಕೊಂಡರು. ಒಲೆ ಹಚ್ಚದ ಆ ದಿನ ಅದೇ ಮಹಡಿಯ ಎದುರು ಮನೆಯ ಶೋಭಾ ಅನ್ನ, ಸಾರು, ಪಲ್ಯ ತುಂಬಿದ ಕ್ಯಾರಿಯರ್ ತಂದಿಟ್ಟು ಹೋದಳು. ಶೋಭಾ ಮೈಸೂರು ಕಡೆಯವಳು; ಗಂಡನಿಗೆ ಬಾಲಾನಗರದ ಕಾರ್ಖಾನೆಯಲ್ಲಿ ನೌಕರಿ. ದಿನಾ ಸಂಜೆ ಇಬ್ಬರೂ ಮೆಟ್ಟಿಲ ಮೇಲೆ ಕೂತು ಇಡೀ ತೆಲಂಗಾಣದ ಸೊಸೆಯಂದಿರ ವಿಚಾರಣೆ ನಡೆಸುವವರು. ಆದರೆ ಅಂದು ಹೋದ ಶೋಭಾ ಮತ್ತೆ ಇತ್ತ ತಲೆ ಹಾಕಲಿಲ್ಲ.

ಕಾರಣ ನಲಿನಿಬಾಯಿಗೆ ಹೊಳೆದೇಬಿಟ್ಟಿತು: ಕ್ಯಾರಿಯರ್ ಮರಳಿಸಿಲ್ಲವೆಂಬ ಮುನಿಸು! ಕೊಟ್ಟವರ ಪಾತ್ರೆ ಬರಿದಾಗಿ ಮರಳಿಸಿದರೆ ನಿಮ್ಮ ಸಹವಾಸ ಸಾಕು ಎಂದಂತೆ. ಏನಾದರೂ ಹಾಕಿ ಕೊಡೋಣವೆಂದರೆ ಸೂತಕದ ಮನೆಯ ತಿನಿಸು ಹೊರಗೆ ಹೋಗುವಂತಿಲ್ಲ. ಇಟ್ಟುಕೊಂಡೇ ಕೂತರೆ, ನುಂಗಿ ನೀರು ಕುಡಿದಳು ಅಂದಾಳು. ಸಿಟ್ಟನ್ನೆಲ್ಲ ಕ್ಯಾರಿಯರಿನ ಮೇಲೆ ಹಾಕಿ ದಿನವೂ ತಿಕ್ಕಿದರು. ಅದರ ಹೊಳಪಿಗೆ ಶಂಷಾಬಾದಿನಲ್ಲಿ ಇಳಿಯಬೇಕಾದ ವಿಮಾನಗಳು ನಮ್ಮ ಮಾಳಿಗೆಯ ಸುತ್ತ ಗಿರಕಿ ಹೊಡೆಯತೊಡಗಿದವು.

“ಆಕಿ ಮರತಿರಬೇಕು ಬಿಡ,” ಎಂದರು ಗಂಡ ಬಸವರಾಜ.

“ಮರೀತಾಳ? ನಿನ್ನೆ ಗೇಟಿನಾಗ ನನ್ನ ನೋಡಿ ಕಾಯಿಪಲ್ಲೆ ಗಾಡಿ ಹಿಂದ ಅಡಗಿ ನಿಂತ್ಲು!”

“ಹಂಗಾರ ನಾನರ ಕೊಟ್ಟು ಬರ್ಲೇನು?”

“ಖಾಲಿ ಡಬ್ಬಿ ಹಿಡ್ಕೊಂಡು? ಅವ್ವನ ಜೋಡಿ ನಿಮ್ಮ ಬುದ್ಧಿನೂ ಹೋತೇನು? ಸುಮ್ಮ ಕೂಡ್ರಿ!”

ಸೂತಕ ಕಳೆದ ಸಂಜೆ ಮೂರೂ ಡಬ್ಬಿಗೆ ಹೋಳಿಗೆ ತುರುಕಿಕೊಂಡು ಹೋಗಿ ಎದುರು ಬಾಗಿಲು ಬಡಿದರು. ಆ ಸದ್ದಿಗೆ ಗೋಲ್ಕೊಂಡದ ಕೋಟೆಯೇ ಬಾಗಿಲು ತೆರೆಯಬೇಕಿತ್ತು, ತೆರೆದವಳು ಶೋಭಾ.

“ತಗೋ ನಿನ್ನ ಕ್ಯಾರಿಯರ್! ಇದಕ್ಕಾಗಿ ಮಾರಿ ತಿರುವಿದಿ ಅಲ್ಲ?”

ಶೋಭಾಳ ಮುಖ ಕೆಂಪಾಯಿತು. “ನಾನಾ? ಬಂದ್ರೆ ಡಬ್ಬಿ ಕೇಳೋಕ್ಕೇ ಬಂದ್ಲು ಅಂತ ನೀವು ಅಂದ್ಕೋತೀರ ಅಂತ ಬರ್ಲಿಲ್ಲ ಅಕ್ಕಾ! ನಿಮ್ಮ ಬಾಗಿಲ ತನಕ ಬಂದು ಬಂದು ವಾಪಸ್ ಹೋದೆ. ನನ್ನನ್ನ ಇಷ್ಟು ಕೀಳಾಗಿ ತಿಳ್ಕೊಂಡ್ರಾ?”

ಕೆಳಗಿನ ಮೆಟ್ಟಿಲಲ್ಲಿ ಕಿವಿ ನಿಮಿರಿಸಿ ನಿಂತಿದ್ದ ನಾವು, ಇನ್ನು ಇಬ್ಬರೂ ನಕ್ಕು ಹೋಳಿಗೆ ಹಂಚುತ್ತಾರೆಂದು ಕೈ ಒರೆಸಿಕೊಂಡೆವು. ನಲಿನಿಬಾಯಿ ನಗಲಿಲ್ಲ. ಕಣ್ಣು ತುಂಬಿತ್ತು, ದನಿ ಮಾತ್ರ ಇಳಿದಿರಲಿಲ್ಲ.

“ಸತ್ತಾಕಿ ನಮ್ಮತ್ತಿ, ಶೋಭಾ. ಮನಿ ತುಂಬ ಮಂದಿ ಇದ್ರು, ನನ್ನ ಜೋಡಿ ಕೂಡಾಕ ಒಬ್ಬಾಕಿ ಇರಲಿಲ್ಲ. ನಾ ಏನ ತಿಳ್ಕೊಂತೀನಿ ಅಂತ ನೀ ಇಲ್ಲೇ ಕೂತು ಯೋಚನಿ ಮಾಡಿದಿ! ಹೌದು, ತಪ್ಪೇ ತಿಳ್ಕೊಂತಿದ್ದೆ, ಬೈತಿದ್ದೆ. ಬೈಸ್ಕೊಳ್ಳಾಕರ ಬರಬೇಕಾಗಿತ್ತು!”