ಸಲೂನಿನ ಅಣ್ಣನ ಬಲಗೈ

ವಿಚಾರಣೆಯ ಹಿಂದಿನ ದಿನ ನಮ್ಮ ಬೀದಿಯ ಸಲೂನಿನ ಅಣ್ಣ ತನ್ನ ವಕೀಲರ ಮೀಸೆಯ ಎಡಭಾಗವನ್ನು ಹಾರಿಸಿಬಿಟ್ಟ. ಬಲಭಾಗವನ್ನೂ ತೆಗೆಯದೆ ಬೇರೆ ದಾರಿಯಿರಲಿಲ್ಲ. ಎರಡು ವರ್ಷದ ಹಿಂದೆ ಬಸ್ಸು ಗುದ್ದಿ ಮುರಿದ ಅವನ ಬಲಗೈ ಕೂಡಿಕೊಂಡಿತ್ತು. ನಡುಕ ಮಾತ್ರ ಬಿಟ್ಟಿರಲಿಲ್ಲ.

ಕನ್ನಡಿ ನೋಡಿಕೊಂಡ ವಕೀಲರಿಗೆ ಸಿಟ್ಟು ಬರಲಿಲ್ಲ. "ಇದಕ್ಕಿಂತ ಒಳ್ಳೆ ಸಾಕ್ಷಿ ಸಿಗಲ್ಲ ಕಣಯ್ಯಾ. ನಿನ್ನ ಕೈ ಪೂರ್ತಿ ಗುಣವಾಗಿದೆ ಅಂತ ಬಸ್ಸಿನ ವಿಮೆಯವರು ವಾದಿಸ್ತಿದ್ದಾರೆ. ನಾಳೆ ನೀನು ನಿಜ ಹೇಳು ಸಾಕು, ಪರಿಹಾರ ಬಂದಹಾಗೆ," ಎಂದರು.

ನಿಜ ಹೇಳುವುದೇ ಅಣ್ಣನ ಕಷ್ಟ. ಅಂಗಡಿಯಲ್ಲಿ ಅವನು ಆ ನಡುಕವನ್ನು ಇಷ್ಟು ದಿನ ಹೇಗೋ ಮುಚ್ಚಿಟ್ಟಿದ್ದ. ಕೈ ನಡುಗುತ್ತದೆಂದು ಒಪ್ಪಿಕೊಂಡವನ ಕತ್ತಿಗೆ ಯಾರು ಕತ್ತು ಕೊಡುತ್ತಾರೆ? ಮರುದಿನ ಬೆಳಿಗ್ಗೆ ಕೋರ್ಟಿಗೆ ಹೊರಡುವಾಗ ಹೆಂಡತಿಯೂ ಎಚ್ಚರಿಸಿದ್ದಳು: "ಅಲ್ಲಿ ನಡುಗುತ್ತೆ ಅನ್ನಿ, ಇಲ್ಲಿ ನಡುಗಲ್ಲ ಅನ್ನಿ. ಅದಲು ಬದಲು ಮಾಡ್ಕೋಬೇಡಿ."

ಕಟಕಟೆ ಹತ್ತಿ ನೋಡಿದರೆ, ಎದುರಿನ ಬೆಂಚಿನಲ್ಲಿ ಅವನಿಗೆ ಧೈರ್ಯ ತುಂಬಲೆಂದು ಬಂದ ನಾವು ಆರು ಜನ ಕಾಯಂ ಗಿರಾಕಿಗಳು. ನಮ್ಮನ್ನು ಕಂಡದ್ದೇ ಅವನ ಬಲಗೈ ಬೆನ್ನ ಹಿಂದೆ ಸರಿಯಿತು.

ವಕೀಲರು ತಮ್ಮ ಬೋಳು ಮೇಲ್ದುಟಿಯನ್ನು ನ್ಯಾಯಾಧೀಶರಿಗೆ ತೋರಿಸಿ ಕೇಳಿದರು: "ನಿನ್ನೆ ನನ್ನ ಮೀಸೆ ಹೋಗಿದ್ದು ಹೇಗೆ ಅಂತ ಸಾಹೇಬರಿಗೆ ಹೇಳಪ್ಪಾ."

ಅವನು ನಮ್ಮ ಆರೂ ಮುಖಗಳನ್ನು ಒಂದೊಂದಾಗಿ ನೋಡಿ ತಲೆ ತಗ್ಗಿಸಿದ.

"ನೀವು ಅಲ್ಲಾಡಿಬಿಟ್ರಿ ಸಾರ್."