ಅಲ್ಲಾಉದ್ದೀನ್ ಹಾಕಿದ ಅಸ್ತರು

ನನ್ನ ಪಕ್ಕದ ಅಂಗಡಿಯ ಅಲ್ಲಾಉದ್ದೀನ್‌ಗೆ ಸುಳ್ಳು ಹೇಳಲು ಬರುವುದಿಲ್ಲ. ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ. ರಾಯಚೂರಿನಂಥ ಊರಲ್ಲಿ ಗಾಡಿಗಳ ಸೀಟು ಹೊಲಿದು ಬದುಕುವವನಿಗೆ ಗಿರಾಕಿಯ ಮುಖ ನೋಡಿ ಎರಡು ಸಿಹಿ ಮಾತಾಡಲು ಬರಬೇಕು. ಇವನೋ, "ಈ ಬಟ್ಟಿ ಎರಡು ವರ್ಷ ಬಾಳಂಗಿಲ್ರಿ" ಎಂದು ತಾನೇ ಹೇಳಿ, ಬಂದವರನ್ನು ವಾಪಸು ಕಳಿಸುತ್ತಾನೆ. ನನ್ನ ಬ್ಯಾಟರಿ ಅಂಗಡಿಯಲ್ಲಿ ಕೂತು ಇಪ್ಪತ್ತೆರಡು ವರ್ಷದಿಂದ ಇದನ್ನು ನೋಡಿ ಹಲ್ಲು ಕಡಿಯುತ್ತಿದ್ದೇನೆ.

ಅವನ ಊರು ದೇವದುರ್ಗ. ಅಪ್ಪ ಟಾಂಗಾಗಳಿಗೆ ಗಾದಿ ಹೊಲಿಯುತ್ತಿದ್ದ. ಟಾಂಗಾಗಳು ಹೋದ ಮೇಲೆ ಮಗ ರಾಯಚೂರಿಗೆ ಬಂದು ಬಸ್ಸು, ಟಾಕೀಜು, ಆಟೋ, ಬೈಕು ಎಂದು ಜನ ಕೂರುವ ಜಾಗಕ್ಕೆಲ್ಲ ಸೂಜಿ ಹಾಕಿದ. ಈಗ ಅರವತ್ತರ ಹತ್ತಿರ ಬಂದಿದ್ದಾನೆ. ಬೆರಳುಗಳು ಎಷ್ಟು ಗಟ್ಟಿಯಾಗಿವೆಯೆಂದರೆ, ಕುದಿಯುವ ಚಹಾದ ಗ್ಲಾಸನ್ನು ಹಿಡಿದುಕೊಂಡು ಆರಾಮಾಗಿ ಹರಟೆ ಹೊಡೆಯುತ್ತಾನೆ.

ಹೋದ ಬೇಸಿಗೆಯಲ್ಲಿ ಮಾನ್ವಿಯ ರೈಸ್‌ಮಿಲ್ ಮಾಲೀಕ ಉದಯಕುಮಾರ ಒಂದು ಚರ್ಮದ ಹೊದಿಕೆಯನ್ನು ಸುತ್ತಿಕೊಂಡು ಬಂದ. ಅವರ ಮನೆಯಲ್ಲಿ ಟಾಪು ಮಡಚುವ ಹಳೆಯ ಕಾರಿದೆ. ಅವನ ಅಪ್ಪ, ತೀರಿಕೊಂಡ ವಿರೂಪಣ್ಣ, ಹೈದರಾಬಾದಿನಿಂದ ಆಸೆಪಟ್ಟು ತಂದದ್ದು. ಟಾಪನ್ನು ಹಿಂದಕ್ಕೆ ಮಡಚಿದಾಗ ಅದರ ಮೇಲೆ ಮುಚ್ಚುವ ಹೊದಿಕೆ ಇದು. ಮೇಲಿನ ಚರ್ಮ ಮೆತ್ತಗೆ ಚೆನ್ನಾಗಿಯೇ ಇತ್ತು. ಒಳಗೆ ಅಂಟಿಸಿದ್ದ ಸ್ಪಂಜು ಮಾತ್ರ ಹಾಳಾಗಿ, ಮುಟ್ಟಿದರೆ ಸಾಕು, ಹಳದಿ ಪುಡಿ ಉದುರುತ್ತಿತ್ತು.

"ಟಾಪಿಗೆಲ್ಲಾ ಇದೇ ಪುಡಿ ಅಂಟಾಕತ್ತದ. ನಾ ರೆಗ್ಝಿನ್ ಹಾಕಿಸೋಣ ಅಂದ್ರ ಅವ್ವ ಒಪ್ಪವಲ್ಲಳು, ಅಪ್ಪ ಇಟ್ಟಿದ್ದ ಚರ್ಮನ ಬೇಕಂತಾಳ" ಎಂದ ಉದಯಕುಮಾರ. "ಇದೊಂದ್ ಸಲ ರಿಪೇರಿ ಮಾಡ್ರಿ. ಮತ್ತ ಉದುರಿದ್ರ ಕಾರನ್ನ ಮಾರಿಬಿಡ್ತೀನಿ."

ಅಲ್ಲಾಉದ್ದೀನ್ ಹೊದಿಕೆಯನ್ನು ನೆರಳಲ್ಲಿ ಮಗುಚಿ ಹಾಸಿ, ಮೊಂಡಾದ ಕಬ್ಬಿಣದ ಪಟ್ಟಿಯಿಂದ ಸ್ಪಂಜು ಕೆರೆಯತೊಡಗಿದ. ಥಿನ್ನರ್ ಹಾಕಿ ಒರೆಸಿದರೆ ಒಂದು ತಾಸಿನ ಕೆಲಸ ಎಂದೆ ನಾನು.

"ಥಿನ್ನರ್ ಹಾಕಿದ್ರ ಈ ಕಡಿ ಸ್ವಚ್ಛ, ಆ ಕಡಿ ಬಣ್ಣ ಖಲಾಸ್, ಮಾಂತಯ್ಯ" ಎಂದು ಮೂರು ದಿನ ಕೆರೆದ. ಎರಡನೆಯ ದಿನ ಒಂದು ಚಿಟಿಕೆ ಪುಡಿಯನ್ನು ಮೂಸಿ ನೋಡಿ, ನನ್ನ ಮೂಗಿಗೂ ಹಿಡಿದ. ಕಮಟು ಶೇಂಗಾ ಎಣ್ಣೆಯ ವಾಸನೆ.

ಉದಯಕುಮಾರನಿಗೆ ಫೋನು ಮಾಡಿ ವಿಚಾರಿಸಿದ. ಅವರ ಮನೆಯಲ್ಲಿ ಅಮಾವಾಸ್ಯೆಗೊಮ್ಮೆ ಗಾಡಿಗಳಿಗೆಲ್ಲ ಪೂಜೆ. ಅಂದು ಅವನ ಅವ್ವ ಸೂಗಮ್ಮ, ಗಂಡನ ಕಾರಿನ ಚರ್ಮ ಒಣಗಬಾರದೆಂದು, ಕೈಯಾರೆ ಎಣ್ಣೆ ಹಚ್ಚುತ್ತಾಳೆ. ಗಂಡ ಹೋದ ಏಳು ವರ್ಷದಿಂದ ಒಂದು ಅಮಾವಾಸ್ಯೆಯೂ ತಪ್ಪಿಲ್ಲ. ಹಚ್ಚಿದ ಎಣ್ಣೆ ಹೊಲಿಗೆಯ ತೂತುಗಳಲ್ಲಿ ಇಳಿದು ಇಳಿದು ಸ್ಪಂಜನ್ನು ತಿಂದು ಹಾಕಿತ್ತು. ಯಾಕೆ ಕೇಳಿದೆನೆಂದು ಅಲ್ಲಾಉದ್ದೀನ್ ಉದಯಕುಮಾರನಿಗೆ ಹೇಳಲಿಲ್ಲ.

"ಗಂಡನ ಸಾಮಾನು ನಿನ್ನ ಕೈಲಿಂದನ ಕೆಟ್ಟದ ಅಂತ ಆ ಯವ್ವಗ ಹ್ಯಾಂಗ ಹೇಳ್ಲಿ?" ಎಂದ ನನಗೆ.

"ಹೇಳಬ್ಯಾಡ. ಸ್ಪಂಜಿಗೆ ವಯಸ್ಸಾಗಿತ್ತು ಅನ್ನು. ಹೊಸಾದು ಅಂಟಿಸಿ ಕಳಿಸು."

"ಹೊಸಾದೂ ಹಂಗs ಕೆಡ್ತದ. ಆಗ ಕಾರೂ ಹೋಗ್ತದ, ಆಕಿ ಅಮಾಸಿನೂ ಹೋಗ್ತದ."

ಕೆರೆಯುವುದು ಮುಗಿದ ಮರುದಿನವೆಲ್ಲ ಕೆಲಸ ಮಾಡದೆ ಕೂತ. ಇಬ್ಬರು ಬೈಕಿನವರು ಕಾದು ಕಾದು ಬೇರೆ ಅಂಗಡಿಗೆ ಹೋದರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅವನು ಸ್ಪಂಜಿನ ಸುದ್ದಿಯನ್ನೇ ಬಿಟ್ಟು, ದಪ್ಪ ಹತ್ತಿ ಬಟ್ಟೆಯನ್ನು ಮೂರು ಪದರು ಮಾಡಿ, ಹೆಂಡತಿ ಮುಸರ್ರತ್ ಕೈಯಲ್ಲಿ ಒತ್ತಾಗಿ ಹೊಲಿಗೆ ಹಾಕಿಸಿ, ಒಳಗೆ ಕೊಡುವ ಅಸ್ತರು ಮಾಡಿದ. ಅದನ್ನು ಚರ್ಮಕ್ಕೆ ಅಂಟಿಸಲಿಲ್ಲ. ಅಂಚಿಗೆ ಸುತ್ತಲೂ ಟಿಚ್ ಬಟನ್ ಕೂರಿಸಿದ.

ಹೊದಿಕೆ ಕೊಡಲು ಮಾನ್ವಿಗೆ ಹೊರಟಾಗ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಇವನು ಏನು ಹೇಳಿ ಪಾರಾಗುತ್ತಾನೋ ನೋಡಬೇಕಿತ್ತು.

ಸೂಗಮ್ಮನಿಗೆ ಎಂಬತ್ತು ದಾಟಿದೆ. ಹಣೆ ತುಂಬ ವಿಭೂತಿ, ಮಾತು ಸಣ್ಣಗೆ. ಹೊದಿಕೆಯನ್ನು ಕಾರಿನ ಮೇಲೆ ಹಾಸಿದ ಕೂಡಲೇ ಅದರ ಮೇಲೆಲ್ಲ ಕೈಯಾಡಿಸಿದಳು.

"ಮೊದಲಿಂದು ಯಾಕ ಕೆಟ್ಟಿತ್ತು, ತಮ್ಮಾ?"

ಉದಯಕುಮಾರ ಪಕ್ಕದಲ್ಲೇ ನಿಂತಿದ್ದ. ನಾನು ಅಲ್ಲಾಉದ್ದೀನ್‌ನ ಕಾಲು ತುಳಿದೆ.

"ಎಣ್ಣಿಲಿಂದ, ಯವ್ವಾ" ಅಂದುಬಿಟ್ಟ ಪುಣ್ಯಾತ್ಮ.

ಆಕೆಯ ಕೈ ನಿಂತಿತು. ಮುಖ ಸಣ್ಣದಾಯಿತು. "ನಾನs ಕೆಡಿಸಿದೆ ಅನ್ನು" ಎಂದಳು. ಎಲ್ಲಾದರೂ ಓಡಿಹೋಗೋಣ ಅನ್ನಿಸಿತು ನನಗೆ.

"ಸ್ಪಂಜು ಕೆಡ್ತು, ಖರೆ. ಆದ್ರ ಚರ್ಮ ಉಳಿದಿದ್ದೂ ಅದೇ ಎಣ್ಣಿಲಿಂದ. ನಮ್ಮ ಬಿಸಿಲಿಗೆ ಇದು ಎಂದೋ ಹಪ್ಪಳದಂಗ ಒಡೀತಿತ್ತು." ಅವನು ಹೊದಿಕೆಯ ಅಂಚು ಎತ್ತಿ ಟಕ್ಕನೆ ಎರಡು ಬಟನ್ ಬಿಚ್ಚಿ ತೋರಿಸಿದ. "ಈ ಅಸ್ತರು ಬಿಚ್ಚಿ ಕಡೀಗಿಟ್ಟು ಎಣ್ಣಿ ಹಚ್ಚರಿ. ಕಮ್ಮಿ ಹಚ್ಚರಿ. ಮರುದಿನ ಒರೆಸಿ ಮತ್ತ ಹಾಕ್ರಿ. ಹೊಲಸಾದ್ರ ಸಾಬೂನ ಹಚ್ಚಿ ಒಗದು ಹಾಕ್ರಿ."

ಸೂಗಮ್ಮ ಮತ್ತೆ ಚರ್ಮದ ಮೇಲೆ ಕೈಯಿಟ್ಟಳು. "ಹಚ್ಚಬ್ಯಾಡ ಅಂತೀ ಅಂತ ಅಂಜಿದ್ನೆಪ್ಪಾ" ಎಂದಳು. ಮಗನ ಕಡೆ ತಿರುಗಿ, "ಆ ಒಂದು ತಾಸು ನಿಮ್ಮಪ್ಪನ ಜೋಡಿ ಕುಂತಂಗ ಆಗ್ತದ ನಂಗ. ನಿನಗ ಹೇಳಿದ್ದಿಲ್ಲ" ಎಂದಳು.

ಆಕೆ ತಾನೂ ಒಂದು ಬಟನ್ ಬಿಚ್ಚಲು ನೋಡಿದಳು. ಬೆರಳಲ್ಲಿ ಕಸುವಿರಲಿಲ್ಲ, ಮೂರು ಸಲ ಜಾರಿತು. ಅಲ್ಲಾಉದ್ದೀನ್ ಇದೊಂದನ್ನು ಯೋಚಿಸಿರಲಿಲ್ಲ. ಅವನ ಮುಖ ಇಳಿದುಹೋಯಿತು.

ಆಗ ಉದಯಕುಮಾರ ಇಸ್ತ್ರಿ ಪ್ಯಾಂಟಿನಲ್ಲೇ ನೆಲಕ್ಕೆ ಮೊಣಕಾಲೂರಿ, ಒಂದೊಂದೇ ಬಟನ್ ಬಿಚ್ಚತೊಡಗಿದ. ತಲೆ ಎತ್ತದೆಯೇ ಹೇಳಿದ: "ಅಮಾಸಿ ದಿನ ನಾ ಮಿಲ್ಲಿಗಿ ತಡಾ ಮಾಡಿ ಹೋಗ್ತೀನಿ ಬಿಡವ್ವಾ. ಇಬ್ಬರೂ ಕೂಡಿ ಹಚ್ಚೋಣು."