ನಿಘಂಟು ಅಕ್ಕನ ಭಾಷಣ

ಆಫೀಸಿನಲ್ಲಿ ಎಲ್ಲರೂ ಅವಳನ್ನು ನಿಘಂಟು ಅಕ್ಕ ಎನ್ನುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಾದ ಹಳೆಯ ಮ್ಯಾನೇಜರು ಸಹ ಒಮ್ಮೊಮ್ಮೆ ಹಾಗೆ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ತನ್ನ ಕೆಲಸ ಏನೆಂದು ನೆಂಟರಿಗೆ ವಿವರಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗುತ್ತಿತ್ತು. ನಾವು ಇಂಟರ್ನೆಟ್ಟಿನಲ್ಲಿ ಏನನ್ನಾದರೂ ಹುಡುಕಿದಾಗ ಉತ್ತರಗಳ ನೆತ್ತಿಯ ಮೇಲೆ ಎರಡು ಸಾಲಿನ ಜಾಹೀರಾತು ಬಂದು ಕೂರುತ್ತದಲ್ಲ, ಅದನ್ನು ಬರೆಯುವುದು. ಯಾವ ಪದ ಹುಡುಕಿದವರಿಗೆ ಅದು ಕಾಣಬೇಕು, ಯಾರಿಗೆ ಕಾಣಬಾರದು ಎಂದು ಗೊತ್ತುಮಾಡುವುದು. ಅತ್ತೆ ಇದನ್ನೆಲ್ಲ ಕೇಳಿಸಿಕೊಂಡು, ಅಂಗಡಿ ಮುಂದೆ ನಿಂತು ಬನ್ನಿ ಬನ್ನಿ ಅನ್ನೋ ಕೆಲಸ ಅನ್ನು ಎಂದಿದ್ದರು. ಅದಕ್ಕಿಂತ ಚೆನ್ನಾಗಿ ಹೇಳಲು ಅವಳಿಗೂ ಬರಲಿಲ್ಲ.

ಕೆಲಸಕ್ಕೆ ಸೇರಿದಾಗ ಅವಳಿಗೆ ಮೂವತ್ತೈದು. ಮಗಳು ಹುಟ್ಟಿದ ಮೇಲೆ ಎಂಟು ವರ್ಷ ಮನೆಯಲ್ಲೇ ಇದ್ದವಳು. ಅಂಥವಳಿಗೆ ಒಳ್ಳೆಯ ಕೆಲಸ ಯಾರು ಕೊಡುತ್ತಾರೆ? ಸಿಕ್ಕಿದ್ದು ಯಾರಿಗೂ ಬೇಡವಾಗಿದ್ದ ಕೆಲಸ, ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ತಪ್ಪು ಪದಗಳನ್ನು ಆರಿಸಿ ಎಸೆಯುವುದು. ಮೂರನೆಯ ದಿನ ಒಂದು ಬೀಗದ ಕಂಪನಿಯ ಜಾಹೀರಾತು ಎಲ್ಲೆಲ್ಲಿ ಕಾಣಿಸುತ್ತಿದೆ ಎಂದು ನೋಡುತ್ತ ಹೋದವಳಿಗೆ ನಗು ತಡೆಯಲಾಗಲಿಲ್ಲ. ಮಗಳನ್ನು ಮದುವೆ ಮಾಡಿಕೊಟ್ಟ ತಾಯಂದಿರು ಬೀಗರ ಕಾಟ ತಪ್ಪಿಸಿಕೊಳ್ಳುವುದು ಹೇಗೆ ಎಂದು ಹುಡುಕಿದರೆ, ಅವರ ಕಣ್ಣಿಗೆಲ್ಲ ಗಟ್ಟಿಮುಟ್ಟಾದ ಹಿತ್ತಾಳೆ ಬೀಗ ಬೀಳುತ್ತಿತ್ತು. ಮ್ಯಾನೇಜರಿಗೆ ತೋರಿಸಿದಳು. ಪರಿಹಾರ ಅದೇ ಇದ್ದರೂ ಇರಬಹುದು ಬಿಡಿ ಎಂದು ಅವರು ನಕ್ಕರು. ಆದರೆ ಮಾರನೆಯ ದಿನ ಅವಳ ಮೇಜಿನ ಮೇಲೆ ಇನ್ನೂ ನಾಲ್ಕು ಕಂಪನಿಗಳ ಪಟ್ಟಿ ಬಂದು ಕೂತಿತ್ತು.

ಹೆಸರು ಬಂದದ್ದು ಕಿವಿಯ ಯಂತ್ರ ಮಾಡುವ ಕಂಪನಿಯಿಂದ. ಅವರು ಶ್ರವಣ ಸಾಧನ ಎಂಬ ಪದಕ್ಕೆ ಜಾಹೀರಾತು ಹಾಕಿಸಿ ನೊಣ ಹೊಡೆಯುತ್ತ ಕೂತಿದ್ದರು. ಅವಳು ಮೂರು ದಿನ ಕೂತು, ಕಿವಿ ಮಂದವಾದವರ ಮನೆಯಲ್ಲಿ ಜನ ನಿಜಕ್ಕೂ ಏನೇನು ಹುಡುಕುತ್ತಾರೆ ಎಂದು ಒಂದೊಂದೇ ಸಾಲು ಓದಿದಳು. ಅಪ್ಪ ಟಿವಿ ತುಂಬ ಜೋರಾಗಿ ಇಡುತ್ತಾರೆ. ಅಜ್ಜಿ ಫೋನಲ್ಲಿ ಮಾತಾಡುವುದು ಬಿಟ್ಟಿದ್ದಾರೆ. ಅಮ್ಮ ಏನು ಕೇಳಿದರೂ ಸುಮ್ಮನೆ ತಲೆಯಾಡಿಸುತ್ತಾರೆ. ಕೊನೆಯದನ್ನು ಹಿಡಿದುಕೊಂಡು ಎರಡು ಸಾಲು ಬರೆದಳು: ‘ಅಮ್ಮ ಸುಮ್ಮನೆ ತಲೆಯಾಡಿಸುತ್ತಿದ್ದಾರಾ? ಒಮ್ಮೆ ಕಿವಿ ತೋರಿಸಿ.’ ಆ ಕಂಪನಿ ಫೋನ್ ಎತ್ತಿಕೊಳ್ಳಲು ಇನ್ನಿಬ್ಬರನ್ನು ಇಟ್ಟುಕೊಳ್ಳಬೇಕಾಯಿತು. ನಿಘಂಟು ಎಂಬ ಅಡ್ಡಹೆಸರು ಅಂಟಿಕೊಂಡದ್ದು ಆಗಲೇ.

ಹತ್ತು ವರ್ಷದಲ್ಲಿ ಅವಳ ಕೈಕೆಳಗೆ ಆರು ಹೆಂಗಸರ ತಂಡ ಬೆಳೆಯಿತು. ಎಲ್ಲರೂ ಅವಳಂತೆಯೇ ಮನೆ, ಮಕ್ಕಳು ಎಂದು ಕೆಲಸ ಬಿಟ್ಟು ಮತ್ತೆ ಬಂದವರು. ಬೇರೆ ಕಡೆ ಬಾಗಿಲಲ್ಲೇ ವಾಪಸು ಕಳಿಸುತ್ತಿದ್ದವರನ್ನು ಅವಳು ಕರೆದು ಕೂರಿಸಿಕೊಂಡಳು. ಅದರಲ್ಲಿ ಒಬ್ಬಳು ಮೊದಲು ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು. ಗಂಡ ಪಾರ್ಶ್ವವಾಯು ಬಡಿದು ಮಲಗಿದ ಮೇಲೆ, ಮನೆಯಿಂದಲೂ ಮಾಡಬಹುದಾದ ಕೆಲಸ ಬೇಕೆಂದು ಇಲ್ಲಿಗೆ ಬಂದಿದ್ದಳು. ಎಲ್ಲರ ಬಾಯಲ್ಲೂ ಅವಳು ಟೀಚರಮ್ಮ. ಯಾರಾದರೂ ಕಾಗುಣಿತ ತಪ್ಪಿದರೆ ಪೆನ್ಸಿಲಿನಿಂದ ಮೇಜು ಕುಟ್ಟುತ್ತಿದ್ದಳು. ನಿಘಂಟು ಅಕ್ಕನಿಗೆ ತಂಡದಲ್ಲಿ ಅತ್ಯಂತ ಹತ್ತಿರದವಳೂ ಅವಳೇ.

ಹಳೆಯ ಮ್ಯಾನೇಜರು ನಿವೃತ್ತರಾದಾಗ ಆ ಜಾಗ ತನಗೇ ಎಂದು ನಿಘಂಟು ಅಕ್ಕ ಒಳಗೊಳಗೇ ಅಂದುಕೊಂಡಿದ್ದಳು. ಬಂದು ಕೂತವನು ಅವಳೇ ಕೆಲಸ ಕಲಿಸಿದ ಒಬ್ಬ ಗಂಡಸು. ಕೆಟ್ಟವನಲ್ಲ, ಅವಳೆದುರು ಕೂರಲೂ ಸಂಕೋಚಪಡುತ್ತಿದ್ದ. ನಿಮಗೆ ಮನೆ ಜವಾಬ್ದಾರಿ ಇದೆ, ಒತ್ತಡ ಬೇಡ ಅಂತ ಮೇಲಿನವರೇ ಅಂದುಕೊಂಡರು ಮೇಡಂ ಎಂದು ಅವನೇ ಬಂದು ಹೇಳಿದ. ಮಗಳು ಆಗಲೇ ಕಾಲೇಜು ಸೇರಿದ್ದಳು. ಯಾವ ಮನೆ ಜವಾಬ್ದಾರಿ ಎಂದು ಅವಳು ಕೇಳಲಿಲ್ಲ.

ಇದಾಗಿ ಎರಡು ವರ್ಷಕ್ಕೆ ಒಂದು ಸೋಮವಾರ ಅವನು ಅವಳನ್ನು ಕೋಣೆಗೆ ಕರೆದು ಬಾಗಿಲು ಹಾಕಿದ. ಪದ ಆರಿಸುವುದು, ಜಾಹೀರಾತು ಬರೆಯುವುದು ಎಲ್ಲವನ್ನೂ ತಾನೇ ಮಾಡುವ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಿತ್ತು. ನಾಲ್ಕು ತಿಂಗಳಿನಿಂದ ಅವಳ ತಂಡವೇ ಹಗಲೆಲ್ಲ ಕೂತು ಅದಕ್ಕೆ ತಪ್ಪು ಸರಿ ಹೇಳಿಕೊಟ್ಟಿತ್ತು. ಈಗ ಅದಕ್ಕೆ ಹೇಳಿಕೊಡುವುದು ಏನೂ ಉಳಿದಿರಲಿಲ್ಲ.

"ಮುಂದಿನ ತಿಂಗಳ ಕೊನೆಗೆ ನಿಮ್ಮ ತಂಡ ಇರಲ್ಲ ಮೇಡಂ," ಎಂದ ಅವನು. "ನಿಮಗೊಬ್ಬರಿಗೆ ಬೇರೆ ಜಾಗ ನೋಡ್ತಿದೀನಿ. ಅಲ್ಲೀವರೆಗೆ ಯಾರ ಹತ್ರನೂ ಬಾಯಿ ಬಿಡಬೇಡಿ. ಹೊರಗೆ ಗೊತ್ತಾದ್ರೆ ನನ್ನ ಕೈಲೂ ಏನೂ ಆಗಲ್ಲ."

ಅವಳು ಎದ್ದು ಬಾಗಿಲ ಹತ್ತಿರ ಹೋದಾಗ, ಶುಕ್ರವಾರದ ಭಾಷಣ ಮಾತ್ರ ತಪ್ಪಿಸಬೇಡಿ, ಕಂಪನಿಯ ಮರ್ಯಾದೆ ಎಂದು ನೆನಪಿಸಿದ.

ಆ ಶುಕ್ರವಾರ ಒಂದು ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ಈ ಉದ್ಯೋಗಕ್ಕೆ ಬರಬೇಕೆಂದಿರುವ ಹೆಣ್ಣುಮಕ್ಕಳ ಸಮಾವೇಶವಿತ್ತು. ಕಂಪನಿಯ ಪರವಾಗಿ ಮಾತಾಡಬೇಕಾದವಳು ನಿಘಂಟು ಅಕ್ಕ. ಭಾಷಣ ಹದಿನೈದು ದಿನ ಮೊದಲೇ ಬರೆದಾಗಿತ್ತು. ಮನೆಯಲ್ಲಿ ಗಂಡನಿಗೆ ವಿಷಯ ತಿಳಿಸಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಬರೆದಿದ್ದನ್ನು ಓದಿ ಬಾ ಎಂದ. ಅವನ ಮಾತಿನಲ್ಲಿ ತಪ್ಪೇನೂ ಅವಳಿಗೆ ಕಾಣಲಿಲ್ಲ. ಅದೇ ಅವಳನ್ನು ಹೆದರಿಸಿತು.

ಬುಧವಾರ ಊಟದ ಹೊತ್ತಿನಲ್ಲಿ ಟೀಚರಮ್ಮ ಡಬ್ಬಿ ಹಿಡಿದುಕೊಂಡು ಅವಳ ಪಕ್ಕದ ಕುರ್ಚಿಗೆ ಬಂದಳು.

"ಅಕ್ಕ, ಹಳೇ ಸ್ಕೂಲಿನವರು ಮತ್ತೆ ಕರೀತಿದ್ದಾರೆ. ಶನಿವಾರದೊಳಗೆ ಹೇಳ್ಬೇಕಂತೆ. ನಂಗೆ ಇಲ್ಲೇ ಇಷ್ಟ. ಆದ್ರೂ ನಿಮ್ಮನ್ನ ಒಂದು ಮಾತು ಕೇಳೋಣ ಅಂತ."

ಹೋಗು ಎನ್ನುವ ಒಂದೇ ಮಾತು ಸಾಕಿತ್ತು. ನಿಘಂಟು ಅಕ್ಕನ ಗಂಟಲವರೆಗೆ ಅದು ಬಂತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ ಸಂಜೆಯೊಳಗೆ ಆರು ಜನಕ್ಕೂ ತಿಳಿಯುತ್ತದೆ. ಆಮೇಲೆ ತನಗೆಂದು ನೋಡುತ್ತಿರುವ ಆ ಇನ್ನೊಂದು ಜಾಗ? ಮಗಳ ಓದು ಇನ್ನೂ ಎರಡು ವರ್ಷ ಬಾಕಿ.

"ನಿನ್ನಿಷ್ಟ. ಮನೇಲಿ ಕೂತು ಯೋಚನೆ ಮಾಡು," ಎಂದಳು.

ಟೀಚರಮ್ಮ ಅದನ್ನು ಅಕ್ಕನ ದೊಡ್ಡತನ ಎಂದೇ ತಿಳಿದಳು.

ಶುಕ್ರವಾರ ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಅವಳ ಆರು ಜನ ಒಂದೇ ಬಣ್ಣದ ಬಟ್ಟೆ ಉಟ್ಟು ಕೂತಿದ್ದರು. ನಿಘಂಟು ಅಕ್ಕ ಕಾಗದ ಬಿಚ್ಚಿದಳು. ಬೀಗರ ಕಥೆ ಹೇಳಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಕಿವಿಯ ಯಂತ್ರದ ಎರಡು ಸಾಲು ಹೇಳಿದಳು. ಹಿಂದೆ ಯಾರೋ ಕಣ್ಣೊರೆಸಿಕೊಂಡರು. ಕೊನೆಯ ಪುಟದಲ್ಲಿ, ಮನುಷ್ಯರ ಸಂಕಟ ಅರ್ಥವಾಗುವವರಿಗೆ ಈ ರಂಗದಲ್ಲಿ ಯಾವಾಗಲೂ ಜಾಗವಿದೆ, ಧೈರ್ಯವಾಗಿ ಬನ್ನಿ ಎಂದಿತ್ತು. ಅಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟಳು. ನೀರು ಕುಡಿದಳು. ಓದಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಇಳಿದು ಬಂದವಳ ಕೈಯನ್ನು ಕಾಲೇಜಿನ ಹುಡುಗಿಯೊಬ್ಬಳು ಹಿಡಿದುಕೊಂಡು, ಯಾವ ಕೋರ್ಸು ಸೇರಲಿ ಎಂದು ಗೊತ್ತಾಗುತ್ತಿರಲಿಲ್ಲ, ಈಗ ಇದೇ ಎಂದು ತೀರ್ಮಾನಿಸಿದೆ ಎಂದಳು. ನಿಘಂಟು ಅಕ್ಕ ಅವಳ ಬೆನ್ನು ತಟ್ಟಿದಳು. ಅಷ್ಟರಲ್ಲಿ ಟೀಚರಮ್ಮ ಮೊಬೈಲು ಹಿಡಿದು ಹೊರಗಿನ ಮೊಗಸಾಲೆಯಿಂದ ಬಂದಳು. ಮುಖ ಅರಳಿತ್ತು.

"ಸ್ಕೂಲಿನವರಿಗೆ ಈಗ್ಲೇ ಫೋನ್ ಮಾಡಿ ಆಗಲ್ಲ ಅಂದ್ಬಿಟ್ಟೆ ಅಕ್ಕ. ನಿಮ್ಮ ಮಾತು ಕೇಳಿದ್ಮೇಲೆ ಮನಸ್ಸು ಹಗುರಾಯ್ತು."

ಆಗಲಾದರೂ ಹೇಳಬಹುದಿತ್ತು. ಶನಿವಾರಕ್ಕೆ ಇನ್ನೂ ಒಂದು ದಿನವಿತ್ತು. ಇನ್ನೊಮ್ಮೆ ಫೋನ್ ಮಾಡು ಎಂದರೆ ಶಾಲೆಯವರೇನು ಬೇಡ ಎನ್ನುತ್ತಿರಲಿಲ್ಲ. ಗುಂಪು ಫೋಟೋಗೆ ಕರೆದರು. ನಿಘಂಟು ಅಕ್ಕ ಹೋಗಿ ನಡುವೆ ನಿಂತಳು.

ಮುಂದಿನ ತಿಂಗಳ ಕೊನೆಯ ವಾರ ಆರು ಜನರನ್ನೂ ಒಬ್ಬೊಬ್ಬರಾಗಿ ಗಾಜಿನ ಕೋಣೆಗೆ ಕರೆದರು. ಒಬ್ಬೊಬ್ಬರನ್ನು ಕೆಲಸದಿಂದ ಬಿಡಿಸಲು ಹತ್ತು ನಿಮಿಷ. ಟೀಚರಮ್ಮನದು ಕೊನೆಯ ಸರದಿ. ಹೊರಬಂದು ಅವಳು ಅಳಲಿಲ್ಲ. ಮೇಜಿನ ಸಾಮಾನನ್ನು ರಟ್ಟಿನ ಪೆಟ್ಟಿಗೆಗೆ ಹಾಕುತ್ತ, ತಲೆಯೆತ್ತದೆ ಕೇಳಿದಳು:

"ನಿಮಗೆ ಯಾವಾಗ ಗೊತ್ತಾಯ್ತು ಅಕ್ಕ?"

ಸುಳ್ಳು ಹೇಳಬಹುದಿತ್ತು. "ಭಾಷಣಕ್ಕೆ ನಾಲ್ಕು ದಿನ ಮೊದಲು," ಎಂದಳು ನಿಘಂಟು ಅಕ್ಕ.

ಟೀಚರಮ್ಮ ಕಾಫಿ ಲೋಟವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಪೆಟ್ಟಿಗೆಯ ಮೂಲೆಗೆ ಜೋಪಾನವಾಗಿ ಇಟ್ಟು, ಎತ್ತಿಕೊಂಡು ಹೋದಳು. ಉಳಿದವರೂ ಅವಳ ಹಿಂದೆ ಲಿಫ್ಟಿನ ಕಡೆಗೆ ನಡೆದರು. ಯಾರೂ ಬರ್ತೀವಿ ಎನ್ನಲಿಲ್ಲ.

ನಿಘಂಟು ಅಕ್ಕನಿಗೆ ಸಿಕ್ಕ ಬೇರೆ ಜಾಗವೆಂದರೆ ಹೊಸ ವ್ಯವಸ್ಥೆ ಬರೆದ ಜಾಹೀರಾತುಗಳನ್ನು ನೋಡಿ ಒಪ್ಪಿಗೆ ಒತ್ತುವುದು. ದಿನಕ್ಕೆ ಒಂಬೈನೂರು ಜಾಹೀರಾತು. ಬಹುಪಾಲು ಚೆನ್ನಾಗಿಯೇ ಇರುತ್ತಿದ್ದವು. ಕೆಲವು ತಾನು ಬರೆದಂತೆಯೇ ಕಾಣುತ್ತಿದ್ದವು. ನಾಲ್ಕನೆಯ ತಿಂಗಳು ಆ ಕೆಲಸಕ್ಕೂ ಮನುಷ್ಯರು ಬೇಡವಾದರು. ಹೇಳಲು ಬಂದ ಆ ಹೊಸ ಮ್ಯಾನೇಜರ್ ಈ ಸಲ ಅವಳೆದುರು ಕೂರಲೇ ಇಲ್ಲ, ನಿಂತೇ ಹೇಳಿ ಹೋದ.

ಎಷ್ಟೋ ಕಡೆ ಅರ್ಜಿ ಹಾಕಿದಳು. ಒಂದು ಕಡೆ ಮಾತ್ರ ಕರೆದರು. ಅಲ್ಲಿ ಕೂತಿದ್ದ, ಅವಳ ಮಗಳ ವಯಸ್ಸಿನ ಹೆಣ್ಣುಮಗಳು, ನಿಮ್ಮ ಅನುಭವ ತುಂಬ ದೊಡ್ಡದು ಮೇಡಂ ಎಂದಳು. ದೊಡ್ಡದು ಅಂದರೆ ಹಳೆಯದು ಎಂದು ಅರ್ಥಮಾಡಿಕೊಳ್ಳಲು ಯಾವ ನಿಘಂಟೂ ಬೇಕಿರಲಿಲ್ಲ.

ಈ ನಡುವೆ, ಸಮಾವೇಶದಲ್ಲಿ ಕೈ ಹಿಡಿದುಕೊಂಡಿದ್ದ ಕಾಲೇಜಿನ ಹುಡುಗಿಯಿಂದ ಸಂದೇಶ ಬಂತು. ಕೋರ್ಸಿಗೆ ಸೇರಿದ್ದೇನೆ, ಮುಗಿದ ಮೇಲೆ ನಿಮ್ಮ ತಂಡದಲ್ಲೇ ಕಲಿಯಬೇಕು ಎಂದು ಆಸೆ. ನಿಘಂಟು ಅಕ್ಕ ಈ ಸಲ ಇದ್ದದ್ದು ಇದ್ದಂತೆ ಬರೆದಳು: ತಂಡ ಇಲ್ಲ, ನಾನೂ ಇಲ್ಲ, ಅಂದು ವೇದಿಕೆಯಲ್ಲಿ ನನಗದು ಗೊತ್ತಿತ್ತು, ಬೇರೇನಾದರೂ ಓದಮ್ಮ. ಹುಡುಗಿ ಓದಿದ್ದು ಕಾಣಿಸಿತು. ಉತ್ತರ ಬರಲಿಲ್ಲ.

ಅದಾದ ವಾರಕ್ಕೆ ಟೀಚರಮ್ಮನ ಮನೆ ಹುಡುಕಿಕೊಂಡು ಹೋದಳು. ಮೂರನೆಯ ಮಹಡಿ. ಅರ್ಧ ತೆರೆದ ಬಾಗಿಲ ಹಿಂದೆ ಮಂಚ, ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ ಗಂಡ, ಕಿಟಕಿಯ ಕೆಳಗೆ ಹೊಲಿಗೆ ಯಂತ್ರ, ಅದರ ಸುತ್ತ ಅಕ್ಕಪಕ್ಕದವರ ದಿಂಬಿನ ಚೀಲಗಳ ರಾಶಿ. ಶಾಲೆಯ ಜಾಗ ಬೇರೆಯವರಿಗೆ ಹೋಗಿತ್ತು. ನಿಘಂಟು ಅಕ್ಕ ತಪ್ಪಾಯಿತು ಎಂದಳು.

ಟೀಚರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಳಲಿದ ಮುಖ, ಕೋಪವೇನೂ ಇರಲಿಲ್ಲ.

"ಮನೆಗೆ ಬಂದೋರನ್ನ ಒಳಗೆ ಬನ್ನಿ ಅನ್ನಬೇಕು. ನಂಗೆ ಅನ್ನೋಕಾಗ್ತಿಲ್ಲ," ಎಂದಳು. "ತಪ್ಪು ತಿಳ್ಕೋಬೇಡಿ."

ಬಾಗಿಲು ಮೆತ್ತಗೆ ಮುಚ್ಚಿತು. ಒಳಗೆ ಹೊಲಿಗೆ ಯಂತ್ರ ಮತ್ತೆ ಓಡತೊಡಗಿತು. ನಿಘಂಟು ಅಕ್ಕ ಮೆಟ್ಟಿಲಿಳಿದಳು. ಕೆಳಗೆ ಮೆಟ್ಟಿಲು ಗುಡಿಸುತ್ತಿದ್ದ ಹೆಂಗಸು ಯಾರನ್ನು ನೋಡಬೇಕಿತ್ತು ಎಂದು ಕೇಳಿದಳು.

ನೋಡಿ ಆಯ್ತು ಎಂದು ಹೇಳಿ, ಅವಳು ಬೀದಿಗೆ ಬಂದಳು.